ಬಾಂಬ್ ಸೂಟಿಗೆ ಕೈಗವಸು ಯಾಕಿಲ್ಲ?

ಬಾಂಬ್ ನಿಷ್ಕ್ರಿಯ ದಳದವರ ಸೂಟು ಸುಮಾರು 35 ಕೆಜಿ ತೂಗುತ್ತದೆ. ಕೆವ್ಲಾರ್ ಎಂಬ ಬಲು ಗಟ್ಟಿ ನಾರಿನ ಪದರಗಳು, ಎದೆಗೆ ಗಟ್ಟಿ ಫಲಕ, ಕುತ್ತಿಗೆಗೆ ಎತ್ತರದ ಕಾಲರ್. ಕೈ ಮಾತ್ರ ಸಾಮಾನ್ಯವಾಗಿ ಬರಿದು: ದಪ್ಪ ಗವಸು ತೊಟ್ಟರೆ ಬೆರಳಿಗೆ ಹಿಡಿತವೇ ಸಿಗದು. ಸಿಡಿಯುವ ಚೂರುಗಳನ್ನು ಸೂಟು ತಕ್ಕಮಟ್ಟಿಗೆ ತಡೆದೀತು. ತೀರಾ ಹತ್ತಿರದ ದೊಡ್ಡ ಸ್ಫೋಟದ ಒತ್ತಡದ ಅಲೆಯನ್ನಲ್ಲ. ಬೇಸಿಗೆಯಲ್ಲಂತೂ ಒಳಗೆ ಬೆವರಿನ ಸ್ನಾನ. ಹೆಲ್ಮೆಟ್ಟಿನ ಗಾಜಿಗೆ ಮಂಜು ಕವಿಯದಿರಲೆಂದೇ ಪುಟ್ಟ ಫ್ಯಾನು. ಹೊರಡುವ ಮುನ್ನ ಅದರ ಬ್ಯಾಟರಿ ನೋಡಿಕೊಳ್ಳಲೇಬೇಕು.

ಹಾಗಾಗಿ ಸಾಧ್ಯವಿದ್ದಲ್ಲೆಲ್ಲ ಮೊದಲು ಹೋಗುವುದು ರೋಬೋಟ್. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪುಣೆ ಪ್ರಯೋಗಾಲಯ ರೂಪಿಸಿದ ‘ದಕ್ಷ್’ ಮೆಟ್ಟಿಲು ಹತ್ತುತ್ತದೆ, ಎಕ್ಸ್‌ರೇ ತೆಗೆಯುತ್ತದೆ, ರಭಸದ ನೀರಿನ ಧಾರೆ ಹೊಡೆದು ಸರ್ಕ್ಯೂಟನ್ನು ಚೆದುರಿಸುತ್ತದೆ. (ಸಿನಿಮಾದ ಕೆಂಪು ವೈರು, ನೀಲಿ ವೈರಿನ ನಾಟಕ ಮರೆತುಬಿಡಿ.) ಬೇರೆ ದಾರಿ ಇಲ್ಲದಾಗಷ್ಟೇ ಮನುಷ್ಯ ನಡೆಯುತ್ತಾನೆ, ಅದೂ ಒಬ್ಬನೇ.