ದಿ ಈವಿಲ್ ವಿದಿನ್: ಬೆಂಕಿಕಡ್ಡಿಯ ಲೆಕ್ಕ, ಬಾಸ್‌ಗಳ ಕಾಟ

2014ರಲ್ಲಿ ಟ್ಯಾಂಗೋ ಗೇಮ್‌ವರ್ಕ್ಸ್‌ನಿಂದ ಬಂದ ‘ದಿ ಈವಿಲ್ ವಿದಿನ್’ ಎಂಬ ಹಾರರ್ ಗೇಮನ್ನು ಹೊಗಳುವವರೂ ಬೈಯುವವರೂ ಹೇಳುವುದರಲ್ಲಿ ಅರ್ಧರ್ಧ ನಿಜವಿದೆ. ನಿರ್ದೇಶಕ ಶಿಂಜಿ ಮಿಕಾಮಿ. ರೆಸಿಡೆಂಟ್ ಈವಿಲ್ ಹಾರರ್ ಗೇಮ್ ಸರಣಿಯಲ್ಲಿ 1996ರ ಮೊದಲನೆಯದು, 2005ರ ನಾಲ್ಕನೆಯದು, ಎರಡೂ ಅವರವೇ. ಮೊದಲನೆಯದರಲ್ಲಿ ಗುಂಡಿಗೆ ಬರ, ನಾಲ್ಕನೆಯದರಲ್ಲಿ ಗುಂಪಿನ ಮೇಲೆ ಗುಂಡಿನ ಮಳೆ. ಎರಡನ್ನೂ ಒಂದೇ ಗೇಮಿನಲ್ಲಿ ಕೂಡಿಸಲು ಇಲ್ಲಿ ಹೊರಟಿದ್ದಾರೆ. ಆಯ್ಕೆಯನ್ನು ಆಡುವವರ ಕೈಗೆ ಬಿಟ್ಟ ಕಡೆಯೆಲ್ಲ ಆಟ ಅದ್ಭುತ. ಆಯ್ಕೆ ಕಿತ್ತುಕೊಂಡ ಕಡೆಯೆಲ್ಲ ತಲೆನೋವು.

ಮೊದಲು ಬೆಂಕಿಕಡ್ಡಿ. ಇಲ್ಲಿ ಸತ್ತಂತೆ ಬಿದ್ದ ಶತ್ರು ಮತ್ತೆ ಎದ್ದು ಬರಬಹುದು. ಅರ್ಧ ತಲೆ ಹಾರಿಹೋದವನೂ ನಡೆದು ಬರುತ್ತಾನೆ, ಹಾಗಾಗಿ ತಲೆಗೇ ಗುರಿಯಿಡುವ ಹಳೆಯ ಚಾಳಿ ಇಲ್ಲಿ ದುಬಾರಿ. ಕಾಲಿಗೆ ಹೊಡೆದು ಕೆಡವಿ, ಓಡಿಹೋಗಿ ಕಡ್ಡಿ ಗೀರಿದರೆ ಅಲ್ಲಿಗೆ ಅವನ ಕತೆ ಮುಗಿಯಿತು. ಒಂದೆರಡು ಗುಂಡು, ಒಂದು ಕಡ್ಡಿ. ಇನ್ನೂ ಅಗ್ಗದ ದಾರಿಯೂ ಇದೆ: ಇಬ್ಬರು ಮೂವರನ್ನು ಒಟ್ಟಿಗೆ ಸೇರಿಸಿಕೊಂಡು ಹಿಂದೆ ಸರಿಯಿರಿ, ಮುಂದಿನವನನ್ನು ಕೆಡವಿ, ಉಳಿದವರು ಅವನ ಮೇಲೆ ಬಂದಾಗ ಬೆಂಕಿ ಹಚ್ಚಿ, ಅದೇ ಬೆಂಕಿ ಅವರನ್ನೂ ಹಿಡಿಯುತ್ತದೆ. ಕಡ್ಡಿ ಇಟ್ಟುಕೊಳ್ಳುವ ಮಿತಿ ಆರಂಭದಲ್ಲಿ ತೀರ ಕಡಿಮೆ. ಆದ್ದರಿಂದ ಸಾಮರ್ಥ್ಯ ಹೆಚ್ಚಿಸಿಕೊಳ್ಳಲು ಖರ್ಚು ಮಾಡುವ ಹಸಿರು ಜೆಲ್ ಕೈಗೆ ಬಂದ ಕೂಡಲೇ ಪಿಸ್ತೂಲಿನ ಶಕ್ತಿಗೆ ಸುರಿಯುವ ಬದಲು ಕಡ್ಡಿಯ ಮಿತಿ ಹೆಚ್ಚಿಸಿಕೊಳ್ಳುವುದು ಜಾಣತನ.

ಅದಕ್ಕಿಂತಲೂ ಮೊದಲು ಓಟ. ನೀವು ಆಡಿಸುವ ಸೆಬಾಸ್ಟಿಯನ್ ಪೊಲೀಸ್ ಡಿಟೆಕ್ಟಿವ್, ಆದರೆ ಶುರುವಿನಲ್ಲಿ ಸುಮಾರು 3 ಸೆಕೆಂಡು ಓಡಿದರೆ ಸೊಂಟ ಬಗ್ಗಿಸಿ ಏದುಸಿರು ಬಿಡುತ್ತಾನೆ. ಆ ಏದುಸಿರಿನ ಹೊತ್ತಿನಲ್ಲಿ ಅವನು ನಿಮ್ಮ ಮಾತು ಕೇಳುವುದಿಲ್ಲ. ಸಾವುಗಳಲ್ಲಿ ಎಷ್ಟೋ ಬರುವುದು ಅಲ್ಲೇ. ಓಟದ ಶಕ್ತಿ ತೋರಿಸುವ ಪಟ್ಟಿ ಪೂರ್ತಿ ಖಾಲಿಯಾಗುವ ಮುನ್ನವೇ ಬಟನ್ ಬಿಟ್ಟರೆ ಏದುಸಿರು ಬರುವುದಿಲ್ಲ. ಇದನ್ನು ಆಟ ಎಲ್ಲೂ ಸರಿಯಾಗಿ ಹೇಳಿಕೊಡುವುದಿಲ್ಲ. ಜೆಲ್‌ನಲ್ಲಿ ಮೊದಲ ಖರ್ಚು ಇದಕ್ಕೇ ಆಗಲಿ.

ಬಗೆಬಗೆಯ ಬಾಣ ಹೊಡೆಯುವ ಅಗೊನಿ ಕ್ರಾಸ್‌ಬೋ ಈ ಗೇಮಿನ ನಿಜವಾದ ಆಯುಧ. ಗೋಡೆಗೆ ಅಂಟಿಸಿರುವ ಬಾಂಬು, ತಂತಿ ಬಲೆ ಮುಂತಾದವನ್ನು ಬಿಚ್ಚಿದರೆ ಬಿಡಿಭಾಗ ಸಿಗುತ್ತದೆ, ಅದರಿಂದ ಬಾಣ ತಯಾರು. ಬಾಂಬಿನ ಹತ್ತಿರ ಬಗ್ಗಿ ನಿಧಾನವಾಗಿ ಹೋಗಬೇಕು, ತಿರುಗುವ ಮುಳ್ಳನ್ನು ನೀಲಿ ಭಾಗದಲ್ಲಿ ನಿಲ್ಲಿಸಬೇಕು. ತಪ್ಪಿದರೆ ನೀವೇ ಚಿಂದಿ. ಸ್ಫೋಟಕ ಬಾಣವನ್ನು ಶತ್ರುವಿಗೇ ಹೊಡೆಯುವುದಕ್ಕಿಂತ ಅವನು ಬರುವ ದಾರಿಯ ಗೋಡೆಗೆ ನೆಟ್ಟರೆ ಹತ್ತಿರ ಬಂದವನ ಮೇಲೆ ತಾನಾಗಿ ಸಿಡಿಯುತ್ತದೆ. ಫ್ಲ್ಯಾಷ್ ಬಾಣಕ್ಕೆ ಕಣ್ಣು ಕತ್ತಲಾದ ಗುಂಪನ್ನು ಗುಂಡಿನ ಖರ್ಚಿಲ್ಲದೆ ಚಾಕುವಿನಿಂದಲೇ ಮುಗಿಸಬಹುದು. ಇನ್ನೊಂದು ಮಾತು: ಎಲ್ಲ ಬಲೆಯನ್ನೂ ಬಿಚ್ಚಬೇಡಿ. ಬೆನ್ನಟ್ಟಿ ಬರುವವರು ಅದೇ ಬಲೆಗೆ ಸಿಗುತ್ತಾರೆ.

ಇದೆಲ್ಲ ಒಟ್ಟಿಗೆ ಕೂಡಿ ಬರುವುದು ಮೂರನೇ ಅಧ್ಯಾಯದ ಹಳ್ಳಿಯಲ್ಲಿ. ಹೊರಗೆ ಹೋಗುವ ಗೇಟಿಗೆ ಸರಪಳಿ. ಅದನ್ನು ಕತ್ತರಿಸಲು ಚೈನ್‌ಸಾ ಬೇಕು. ಅದು ಇರುವುದು ಒಬ್ಬ ದೈತ್ಯನ ಕೈಯಲ್ಲಿ. ಮನೆಗಳು, ಮಾಡು, ಹುಲ್ಲು, ಬಲೆ, ಬಿದ್ದಿರುವ ಕೊಡಲಿ, ದೀವಟಿಗೆ, ಎಲ್ಲವನ್ನೂ ಬಳಸಿಕೊಳ್ಳಲು ಜಾಗವಿದೆ. ಕೊಡಲಿ ಒಂದೇ ಏಟಿಗೆ ಕೊಲ್ಲುತ್ತದೆ, ಆದರೆ ಒಂದೇ ಸಲ. ಒಬ್ಬೊಬ್ಬರದು ಒಂದೊಂದು ದಾರಿ, ಯಾವುದೂ ತಪ್ಪಲ್ಲ. 15 ಅಧ್ಯಾಯಗಳಲ್ಲಿ ಇದಕ್ಕೆ ಸರಿಸಾಟಿಯಾದದ್ದು ಮತ್ತೆ ಬರುವುದೇ ಇಲ್ಲ ಎಂಬುದೇ ಮೊದಲ ದೂರು.

ಯಾಕೆಂದರೆ ಮುಂದೆ ಬರುವುದು ಬೀಗ ಹಾಕಿದ ಕೋಣೆಗಳು, ಅದರೊಳಗೆ ಬಾಸ್‌ಗಳು, ಅಂದರೆ ದೊಡ್ಡ ಶತ್ರುಗಳು. ಐದನೇ ಅಧ್ಯಾಯದ ಲಾರಾ ಕೈಗೆ ಸಿಕ್ಕರೆ ಅಲ್ಲಿಗೇ ಮುಗಿಯಿತು, ಆರೋಗ್ಯದ ಪಟ್ಟಿ ಎಷ್ಟೇ ತುಂಬಿರಲಿ. ಅವಳು ಹೆಣಗಳಿಂದ ಎದ್ದು ಬರುವವಳು, ಬೆಂಕಿಗೆ ಹೆದರುವವಳು; ಹೆಣ ಸುಟ್ಟರೆ ಆ ದಾರಿ ಮುಚ್ಚುತ್ತದೆ. ಕಲ್ಪನೆ ಭರ್ಜರಿ. ಆದರೆ ಮೊದಲ ಸಲ ಆಡುವವರಿಗೆ ಇದು ಗೊತ್ತಾಗುವುದು ಸತ್ತು ಸತ್ತು. ಏಳರಲ್ಲಿ ತಲೆಯ ಜಾಗದಲ್ಲಿ ತಿಜೋರಿ ಹೊತ್ತ ಕೀಪರ್: ಅವನನ್ನು ಕೊಂದರೆ ಇನ್ನೊಂದು ತಿಜೋರಿಯಿಂದ ಹುಟ್ಟಿ ಬರುತ್ತಾನೆ. ಗ್ಯಾಸ್ ತುಂಬುವ ಜಾಗದಲ್ಲಿ ಅವನ ಮೇಲೆ ಗುಂಡು ಸುರಿಯುವುದು ದಂಡ. ಹೆಪ್ಪುಗಟ್ಟಿಸುವ ಒಂದು ಫ್ರೀಜ್ ಬಾಣ ಹೊಡೆದು ತಡೆದು, ಸಿಕ್ಕ ಹೊತ್ತಿನಲ್ಲಿ ಗ್ಯಾಸ್ ನಿಲ್ಲಿಸುವ ವಾಲ್ವ್ ತಿರುಗಿಸುವುದಷ್ಟೇ ಕೆಲಸ. ಕೊನೆಯ ಅಧ್ಯಾಯದ ಹೊತ್ತಿಗೆ ಆಟ ನಿಮ್ಮ ಕಡ್ಡಿ, ಬಾಣದ ಲೆಕ್ಕವನ್ನೆಲ್ಲ ಪಕ್ಕಕ್ಕಿಟ್ಟು ದೊಡ್ಡ ಗನ್ನು ಕೈಗೆ ಕೊಡುತ್ತದೆ. ಅಷ್ಟು ದಿನ ಉಳಿತಾಯ ಮಾಡಿದ್ದು ಯಾಕೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ತಾಂತ್ರಿಕ ಕಿರಿಕಿರಿ ಬೇರೆ. ಬಿಡುಗಡೆಯಾದಾಗ ಮೇಲೆ ಕೆಳಗೆ ದಪ್ಪ ಕಪ್ಪು ಪಟ್ಟಿ, ಸಿನಿಮಾಸ್ಕೋಪ್ ಮಾಡುತ್ತೇವೆಂಬ ಹಟ. ಕ್ಯಾಮೆರಾ ಭುಜಕ್ಕೆ ಅಂಟಿಕೊಂಡಿರುವಾಗ ಕೆಳಗಿನ ಪಟ್ಟಿ ನೆಲದ ಬಲೆಯನ್ನೇ ಮುಚ್ಚುತ್ತದೆ. ಬಲೆ ನೋಡಿ ನಡೆಯಬೇಕಾದ ಆಟದಲ್ಲಿ ಇದೇನು ತಮಾಷೆಯೋ. ನಂತರದ ಅಪ್‌ಡೇಟ್‌ನಲ್ಲಿ ಪಟ್ಟಿ ತೆಗೆಯುವ ಆಯ್ಕೆ ಬಂತು. ಪಿಸಿಯಲ್ಲಿ ಸೆಕೆಂಡಿಗೆ 30 ಫ್ರೇಮ್‌ನ ಮಿತಿಗೂ ಪರಿಹಾರ ಬಂತು. ಈಗ ಶುರು ಮಾಡುವವರು ಮೊದಲ ದೃಶ್ಯಕ್ಕೂ ಮುನ್ನ ಸೆಟ್ಟಿಂಗ್ಸ್‌ಗೆ ಹೋಗಿ ಎರಡನ್ನೂ ಬದಲಿಸಿಕೊಳ್ಳಿ.

ಸೇವ್ ಮಾಡುವುದಕ್ಕೆ ಒಡೆದ ಕನ್ನಡಿಯ ಮೂಲಕ ನರ್ಸ್ ತಾತಿಯಾನಾ ಇರುವ ಆಸ್ಪತ್ರೆಗೆ ಹೋಗಬೇಕು. ಪಿಯಾನೋ ಕೇಳಿಸಿದರೆ ಕನ್ನಡಿ ಹತ್ತಿರದಲ್ಲಿದೆ ಎಂದರ್ಥ. ದಾರಿಯಲ್ಲಿ ಪುಟ್ಟ ದೇವತೆಯ ವಿಗ್ರಹ ಕಂಡರೆ ಒಡೆಯಿರಿ, ಒಳಗಿನ ಕೀಲಿ ಆಸ್ಪತ್ರೆಯ ಲಾಕರ್ ತೆಗೆಯುತ್ತದೆ. ಜೆಲ್ಲೋ ಗುಂಡೋ ಸಿಗುತ್ತದೆ. ಕೈಗೆ ಎಟುಕುವ ವಿಗ್ರಹಕ್ಕೆ ಗುಂಡು ಹಾಳು ಮಾಡಬೇಡಿ, ಒಂದು ಗುದ್ದು ಸಾಕು.

ಕಷ್ಟದ ಹಂತದ ವಿಚಾರ: ಮೊದಲ ಸಲ ನಡುವಿನ ಹಂತವಾದ ಸರ್ವೈವಲ್ ಆಯ್ಕೆ ಮಾಡಿ. ಸುಲಭದ ಕ್ಯಾಶುಯಲ್‌ನಲ್ಲಿ ಕಡ್ಡಿಯ ಲೆಕ್ಕ ಇಡುವ ಅಗತ್ಯವೇ ಬೀಳುವುದಿಲ್ಲ, ಆಗ ಉಳಿಯುವುದು ತಲೆಬುಡವಿಲ್ಲದ ಕತೆ ಮಾತ್ರ. ಒಂದೇ ಏಟಿಗೆ ಸಾಯುವ ಅಕುಮು ಹಂತ, ಬಲೆ ಎಲ್ಲೆಲ್ಲಿದೆ ಎಂದು ಬಾಯಿಪಾಠವಾದವರಿಗೆ.