ಕಾಮೆಂಟ್ ಅಳಿಸಿದ್ರೆ ವೈಫೈ ಫಾಸ್ಟ್ ಆಗುತ್ತಾ?

ಆಗಲ್ಲ. ಕಾಮೆಂಟ್ ಅಂದರೆ ಇಲ್ಲಿ ರೌಟರ್ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್‌ನ ಕೋಡಿನಲ್ಲಿ ಓದುವವರಿಗಾಗಿ ಬರೆದಿಟ್ಟ ಟಿಪ್ಪಣಿ. ದರ್ಶಿನಿಯಲ್ಲಿ ಬೈ-ಟು ಕಾಫಿ ಕೈಗೆ ಬರುವಷ್ಟರಲ್ಲಿ ಮುಗಿಯಬೇಕಾದ ಮಾತು. ಆದರೆ ಬೆಂಗಳೂರಿನಲ್ಲಿ ಮುಗಿಯಲ್ಲ. "ಹೋಗ್ಲಿ, ಫರ್ಮ್‌ವೇರ್ ಸೈಜಾದ್ರೂ ಕಮ್ಮಿ ಆಗುತ್ತಲ್ವಾ ಗುರು?"

ಅದೂ ಇಲ್ಲ. ಸಿ ಭಾಷೆಯ ಕೋಡಿನ ಕಾಮೆಂಟನ್ನು, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಶುರುವಿನಲ್ಲೇ ಒಂದು ಸ್ಪೇಸ್ ಮಾಡಿ ಬಿಸಾಡುತ್ತದೆ. ರೌಟರ್‌ನ ಫ್ಲ್ಯಾಶ್ ಮೆಮೊರಿ 4 ಎಂಬಿ ಇರಲಿ, 16 ಇರಲಿ, ಅಲ್ಲಿಗದು ತಲುಪುವುದೇ ಇಲ್ಲ. ಕಂಪೈಲ್ ಆಗದೆ ಹಾಗೇ ಓಡುವ ಶೆಲ್ ಸ್ಕ್ರಿಪ್ಟಿನ ಕಾಮೆಂಟ್ ತಲುಪುತ್ತದೆ ನಿಜ, ಆದರೆ ಫೈಲುಗಳನ್ನು ಕುಗ್ಗಿಸಿಡುವ ಸ್ಕ್ವಾಶ್‌ಎಫ್‌ಎಸ್ ಒತ್ತಿ ಹಿಂಡಿದ ಮೇಲೆ ಉಳಿಯುವುದು ಚಿಲ್ಲರೆ.

ಮೈ ಉರಿಯುವುದು "ಬರೀ ಕಾಮೆಂಟ್ ತಾನೇ" ಅನ್ನುವಾಗ. ಯಾವ ಕಾಮೆಂಟ್ ಮುಟ್ಟಬಾರದು ಅಂತ ಒಬ್ಬರಾದರೂ ಕೇಳಬಾರದೇ?

ಕೋಡಿನಲ್ಲಿ ಹಲವು ಕೇಸುಗಳಲ್ಲಿ ಒಂದನ್ನು ಆರಿಸುವ ಸ್ವಿಚ್ ಒಳಗೆ ಬ್ರೇಕ್ ಇಲ್ಲದೆ ಮುಂದಿನ ಕೇಸಿಗೆ ಜಾರುವ ಕಡೆ "ಫಾಲ್ ಥ್ರೂ" ಎಂಬ ಕಾಮೆಂಟ್ ಇರುತ್ತದಲ್ಲ, ಅದನ್ನು ಜಿಸಿಸಿ ಎಂಬ ಕಂಪೈಲರ್ 7ನೇ ಆವೃತ್ತಿಯಿಂದ ಓದುತ್ತದೆ. ಆ ಪರೀಕ್ಷೆ ಆನ್ ಇದ್ದಾಗ ತೆಗೆದರೆ ವಾರ್ನಿಂಗ್. ವಾರ್ನಿಂಗನ್ನೇ ಎರರ್ ಮಾಡಿಕೊಂಡಿದ್ದರೆ ಬಿಲ್ಡ್ ನಿಂತಿತು. ರೌಟರ್‌ಗಳಿಗಾಗಿರುವ ಲಿನಕ್ಸ್ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಸರ್ವಿಸ್ ಶುರು ಮಾಡುವ ಇನಿಟ್ ಸ್ಕ್ರಿಪ್ಟಿನ ಮೊದಲ ಸಾಲು ಯಾವ ಪ್ರೋಗ್ರಾಂ ಅದನ್ನು ಓಡಿಸಬೇಕು ಅಂತ ಹೇಳುತ್ತದೆ; ಅದೂ ಕಾಮೆಂಟಿನಂತೆ ಹ್ಯಾಶ್‌ನಿಂದ (#) ಶುರುವಾಗುತ್ತದೆ ಅಂತ ಸೆಡ್ ಕಮಾಂಡ್ ಹೊಡೆದು ಒರೆಸಿದರೆ ಆ ಸರ್ವಿಸ್ ಏಳುವುದೇ ಇಲ್ಲ. ಲೈಸೆನ್ಸ್, ಕಾಪಿರೈಟ್ ಸಾಲುಗಳ ತಂಟೆಗಂತೂ ಹೋಗಬೇಡಿ. ಕೋಡಿಗೆ ಮಾಡಬೇಕಾದ ತಿದ್ದುಪಡಿ ಹೊತ್ತ ಪ್ಯಾಚ್ ಫೈಲುಗಳು ಇನ್ನೊಂದು ತಲೆನೋವು: ಬದಲಾವಣೆಯ ಹಿಂದೆ ಮುಂದೆ ಮೂರು ಮೂರು ಸಾಲು ನೆನಪಿಟ್ಟುಕೊಂಡಿರುತ್ತವೆ, ಅದರಲ್ಲಿ ನೀವು ತಿದ್ದಿದ ಕಾಮೆಂಟ್ ಇದ್ದರೆ ಪ್ಯಾಚ್ ಕೂರದೇ ಹೋಗಬಹುದು. ಪ್ಯಾಚುಗಳನ್ನು ಹೊಸ ಕೋಡಿಗೆ ಹೊಂದಿಸಿ ರಿಫ್ರೆಶ್ ಮಾಡಿಯೇ ಕಮಿಟ್ ಮಾಡಿ (ದಾಖಲಿಸಿ), ಅದೂ ಕೋಡಿನ ಬದಲಾವಣೆ ಜೊತೆ ಕಲಸದೆ.

ಏನೂ ಕೆಟ್ಟಿಲ್ಲ ಅಂತ ತಿಳಿಯುವುದು ಹೇಗೆ? ಮುಂಚಿನ, ನಂತರದ ಆಬ್ಜೆಕ್ಟ್ ಫೈಲುಗಳ (ಕಂಪೈಲ್ ಆಗಿ ಬಂದ ಫೈಲುಗಳ) ಎಸ್‌ಎಚ್‌ಎ-256 ಅನ್ನು, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆಯನ್ನು, ಹೋಲಿಸಿ. ಬೇರೆ ಬಂದರೆ ಗಾಬರಿ ಬೇಡ. ಕೋಡಿನೊಳಗೇ ತಪ್ಪು ಹಿಡಿಯಲು ಬಳಸುವ ಅಸರ್ಟ್, ವಾರ್ನ್-ಆನ್ ಥರದವು ಸಾಲಿನ ನಂಬರನ್ನೇ ಬೈನರಿಯೊಳಗೆ ಹಾಕಿಕೊಳ್ಳುತ್ತವೆ. ಮೇಲೆ ಮೂರು ಸಾಲು ಅಳಿಸಿದರೆ ಕೆಳಗೆ ನಂಬರೆಲ್ಲ ಮೂರು ಜರುಗುತ್ತದೆ. ಪರೀಕ್ಷೆಯ ಮಟ್ಟಿಗೆ ಅಳಿಸಿದಷ್ಟೇ ಖಾಲಿ ಸಾಲು ಬಿಟ್ಟು ಮತ್ತೆ ಬಿಲ್ಡ್ ಮಾಡಿ. ಆಗಲೂ ಬೇರೆ ಬಂದರೆ, ಬಿಲ್ಡ್ ಆದ ದಿನಾಂಕ, ಸಮಯ ಒಳಗೆ ಸೇರುತ್ತಿದೆಯಾ ನೋಡಿ.

"ಐ ಅನ್ನು ಒಂದು ಹೆಚ್ಚಿಸು" ಥರ ಕೋಡನ್ನೇ ಮತ್ತೆ ಹೇಳುವ ಕಾಮೆಂಟನ್ನೆಲ್ಲ ಧಾರಾಳವಾಗಿ ಕಿತ್ತುಹಾಕಿ. ಆದರೆ ರೇಡಿಯೋ ರೀಸೆಟ್ ಆದ ಮೇಲೆ ಇಷ್ಟು ಮೈಕ್ರೋಸೆಕೆಂಡ್ ಯಾಕೆ ಕಾಯಬೇಕು, ಚಿಪ್‌ನ ಯಾವ ರಿವಿಜನ್‌ಗೆ ಅಂತ ಬರೆದಿದ್ದರೆ ಕೈ ಹಚ್ಚಬೇಡಿ. ಅದಿಲ್ಲದಿದ್ದರೆ ಮುಂದೆ ಬರುವವರು ಆ ಕಾಯುವ ಸಾಲನ್ನೇ ದಂಡ ಅಂತ ತೆಗೆಯುತ್ತಾರೆ.

ಇಷ್ಟಾಗಿಯೂ ಕಾಮೆಂಟ್ ಅಳಿಸಲೇಬೇಕು ಅನ್ನುವ ಚಪಲವಿದ್ದರೆ, ಮನೆಯ ಓಪನ್‌ಡಬ್ಲ್ಯುಆರ್‌ಟಿ ರೌಟರ್‌ನ ವೈರ್‌ಲೆಸ್ ಕಾನ್ಫಿಗ್ ಫೈಲಿನಲ್ಲಿ ಕಾಮೆಂಟ್ ಬರೆದು, ಏನಾದರೊಂದು ಸೆಟ್ಟಿಂಗ್ ಬದಲಿಸಿ ಸೆಟ್ಟಿಂಗ್ ಉಳಿಸುವ ಯುಸಿಐ ಕಮಿಟ್ ಕಮಾಂಡ್ ಕೊಡಿ. ಫೈಲನ್ನು ಹೊಸದಾಗಿ ಬರೆಯುವಾಗ ಅದೇ ಕಾಮೆಂಟನ್ನೆಲ್ಲ ಗುಡಿಸಿ ಹಾಕುತ್ತದೆ.