ಗಿನಿ ಪಿಗ್ ಹಿಕ್ಕೆಯಲ್ಲಿ ಹುಳುವಿನ ಅನುಮಾನ ಬಂದಾಗ

ಹಿಕ್ಕೆಯಲ್ಲಿ ಕಾಣುವ ಬಿಳಿ ಎಳೆ ಒಣಹುಲ್ಲಿನ ನಾರೂ ಆಗಿರಬಹುದಾದ್ದರಿಂದ, ಔಷಧಿ ಕೊಡುವ ಮೊದಲು ತಾಜಾ ಹಿಕ್ಕೆಯನ್ನು ಪಶುವೈದ್ಯರ ಬಳಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಕೊಳ್ಳುವುದು ಅಗತ್ಯ. ಗಿನಿ ಪಿಗ್‌ಗಳ ದೊಡ್ಡ ಕರುಳಿನಲ್ಲಿ ನೆಲೆಸುವ ಪ್ಯಾರಾಸ್ಪಿಡೊಡೆರಾ ಎಂಬ ದುಂಡುಹುಳು ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಸೋಂಕು ಹೆಚ್ಚಿದಾಗ ತೂಕ ಇಳಿಯಬಹುದು, ಭೇದಿಯಾಗಬಹುದು. ಆದ್ದರಿಂದ ವಾರಕ್ಕೊಮ್ಮೆ ತೂಕ ನೋಡುವ ಅಭ್ಯಾಸವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ.

ನನಗೆ ಹುಳುವಿಗಿಂತ ಹೆಚ್ಚು ಆತಂಕ ತರುವುದು ಚರ್ಮವನ್ನು ಕೊರೆದು ಸೇರುವ ಟ್ರಿಕ್ಸಾಕಾರಸ್ ಕೇವಿಯೆ ಎಂಬ ನುಸಿ. ಅದರಿಂದಾಗುವ ತುರಿಕೆ ಎಷ್ಟು ತೀವ್ರವೆಂದರೆ, ಪಾಪ, ಆ ಪುಟ್ಟ ಪ್ರಾಣಿಗೆ ಸೆಳವು ಬರುವುದೂ ಉಂಟು. ಇದಕ್ಕೆ ಬಳಸುವ ಐವರ್ಮೆಕ್ಟಿನ್ ನುಸಿಯ ಮೊಟ್ಟೆಗಳನ್ನು ಕೊಲ್ಲದ ಕಾರಣ ಕೆಲವು ದಿನಗಳ ಅಂತರದಲ್ಲಿ ಮತ್ತೆ ಕೊಡಬೇಕಾಗುತ್ತದೆ, ಅದರ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ವೈದ್ಯರೇ ನಿರ್ಧರಿಸಬೇಕು. ಜೊತೆಗಿರುವ ಎಲ್ಲ ಗಿನಿ ಪಿಗ್‌ಗಳಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು, ಗೂಡಿನ ಹಾಸನ್ನೂ ಪೂರ್ತಿ ಬದಲಿಸಬೇಕು.